ವಾಕಿಟಾಕಿಯಲ್ಲಿ ಅಂದ ಮಾತು

ಮಾಲೂರಿನ ಏಜಾಜ್ ಶ್ರೀನಿವಾಸಪುರದ ನಮ್ಮ ಮನೆ ಬಾಗಿಲಿಗೆ ಬಂದಾಗ ನಾನು ಒಳಗೆ ಬಾ ಅನ್ನಲಿಲ್ಲ. ಯಾಕೆ ಅನ್ನಲಿ? ನನ್ನ ಗಂಡ ವೆಂಕಟನ ಬಲಗೈ ಬೆರಳು ಹೋಗಿದ್ದು ಅವನಿಂದಲೇ.

ನರಸಾಪುರದ ಫ್ಯಾಕ್ಟರಿಯಲ್ಲಿ ಜೊತೆಯಾದವರು, ಒಟ್ಟಿಗೇ ಉತ್ತರದ ಯಾವುದೋ ನಗರಕ್ಕೆ ಸೇತುವೆ ಕೆಲಸಕ್ಕೆ ಹೋದರು. ದೊಡ್ಡ ನದಿಯಂತೆ. ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳೇ ಸೇತುವೆಯನ್ನು ಹಿಡಿದಿವೆಯಂತೆ. ಮುಗಿಯುವ ಮೊದಲೇ ಆ ಊರಿನವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಕಂಬದ ಮೇಲೆ ವೆಂಕಟ್ ಹಗ್ಗದ ಬಿಗಿ ನೋಡಿ ವಾಕಿಟಾಕಿಯಲ್ಲಿ ಹೇಳಬೇಕು, ಕೆಳಗೆ ಏಜಾಜ್ ಎಳೆಯುವ ಯಂತ್ರ ನಡೆಸಬೇಕು.

"ಸಾಕು ಅಂದು ಕೈ ಹಾಕ್ದೆ ಕಣೇ, ಅವನು ಮತ್ತೆ ಎಳೆದ," ಎಂದು ವೆಂಕಟ್ ಆಸ್ಪತ್ರೆಯಿಂದಲೇ ಹೇಳಿದ್ದ.

ತಪ್ಪು ಏಜಾಜನದಾದರೆ ಅವನ ಮೇಲೆ ಪೊಲೀಸ್ ಕೇಸು. ವೆಂಕಟನದೇ ಆದರೆ ಅವನಿಗೆ ಕಂಪನಿಯವರು ಕೊಡುತ್ತೇವೆಂದ ಕೂತು ಮಾಡುವ ಕೆಲಸ ಇಲ್ಲ. ಅದನ್ನು ತೀರ್ಮಾನಿಸಲು ಕನ್ನಡದವರೇ ಆದ ಎಂಜಿನಿಯರ್ ಮುರಳಿಮೋಹನ್ ಅವತ್ತು ಫೋನು ಮಾಡುವವರಿದ್ದರು.

"ಏನ್ಲಾ ಅಲ್ಲೇ ನಿಂತ್ಕೊಂಡೆ, ಬಾ ಊಟಕ್ಕೆ," ಎಂದು ವೆಂಕಟನೇ ಕರೆದ. ಹಾಳಾಗಿ ಹೋಗಲಿ ಎಂದು ಇಬ್ಬರಿಗೂ ಮುದ್ದೆ ಇಟ್ಟೆ.

ಏಜಾಜ್ ತಲೆ ಎತ್ತಲಿಲ್ಲ. "ಶುರು ಮಾಡು ಅಂದಂಗೇ ಕೇಳಿಸ್ತು ಅಕ್ಕ."

"ಕಿವಿ ಏನು ಅಡ ಇಟ್ಟಿದ್ಯಾ?" ಎಂದು ಗದರಿ, ಆ ಸಿಟ್ಟಿನಲ್ಲೇ ವೆಂಕಟನ ತಟ್ಟೆಗೆ ಸಾರು ಸುರಿದೆ.

"ಚಾಲು, ಚಾಲು," ಎಂದು ವೆಂಕಟ್ ಎಡಗೈ ಅಡ್ಡ ಹಿಡಿದ.

ನನ್ನ ಸೌಟು ಅಲ್ಲೇ ನಿಂತಿತು. ಮನೆಯಲ್ಲಿ ತೆಲುಗು ಆಡುವ ನಮಗೆ ಚಾಲು ಅಂದರೆ ಸಾಕು. ಹಿಂದಿಯಲ್ಲೇ ನಡೆಯುವ ಆ ಸೈಟಿನಲ್ಲಿ ಚಾಲೂ ಅಂದರೆ ಶುರು ಮಾಡು. ಮೂವರಿಗೂ ಒಟ್ಟಿಗೇ ಹೊಳೆಯಿತು. ಅಷ್ಟು ದಿನ ಏಜಾಜನಿಗೆ ಹಾಕಿದ ಶಾಪವೆಲ್ಲ ನೆನಪಾಗಿ ಅವನ ತಟ್ಟೆಗೂ ಸಾರು ಬಡಿಸಿದೆ.

ಅಷ್ಟರಲ್ಲಿ ಫೋನು ಬಂತು. ನಾನೇ ಸ್ಪೀಕರ್ ಹಾಕಿ ವೆಂಕಟನ ಮುಂದೆ ಹಿಡಿದೆ.

"ಕೊನೇ ಸಲ ಕೇಳ್ತಿದ್ದೀನಿ ವೆಂಕಟ್. ಏನಂದೆ ನೀನು?" ಎಂದರು ಎಂಜಿನಿಯರ್.

ವೆಂಕಟ್ ನನ್ನ ಮುಖ ನೋಡಿದ. ಏಜಾಜನ ಕಡೆ ನೋಡಲಿಲ್ಲ.

"ಸಾಕು ಅಂದೆ ಸಾರ್."

ಏಜಾಜ್ ಮುದ್ದೆ ಬಿಟ್ಟು ಎದ್ದ. "ಬರ್ತೀನಿ ಅಕ್ಕ," ಎಂದು ಚಪ್ಪಲಿ ಹುಡುಕತೊಡಗಿದ. ಅವನ ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ.

"ಸಾರ್, ನಾನು ಇವರ ಹೆಂಡ್ತಿ ಮಾನಸ. ಇವರು ಅಂದಿದ್ದು ಚಾಲು," ಎಂದೆ.

ವೆಂಕಟನಿಗೆ ಆ ಕೆಲಸ ಸಿಗಲಿಲ್ಲ. ಈಗ ನಾನು ಬಡಿಸುವಾಗ ಅವನು ತಪ್ಪದೆ ಕನ್ನಡದಲ್ಲಿ "ಸಾಕು" ಅನ್ನುತ್ತಾನೆ. ನನ್ನ ಜೊತೆ ಆಡುವುದು ಆ ಒಂದೇ ಮಾತು.