ಕೆಟಲ್ ಹಿಡಿದ ಹೆಬ್ಬೆರಳು

ಕಂದು, ಬಿರುಕಿನೊಳಗೆ ಕಂದು ಗೆರೆ, ಇಷ್ಟು ಸಣ್ಣದನ್ನು ಯಾರೂ ನೋಡುವುದಿಲ್ಲ, ನಾನೂ ನೋಡಬಾರದಿತ್ತು, ಉಳಿದವರ ಹಾಗೆ ಊಟಕ್ಕೆ ಎದ್ದು ಹೋಗಿಬಿಡಬೇಕಿತ್ತು — ಕುರ್ಚಿಗಳೆಲ್ಲ ಒಂದೊಂದು ದಿಕ್ಕಿಗೆ ತಿರುಗಿ ನಿಂತಿವೆ, ಯಾರದೋ ಸ್ವೆಟರಿನ ತೋಳು ನೆಲ ಮುಟ್ಟುತ್ತಿದೆ, ಬರ್ತೀರಾ ಅಂತ ಕೇಳಿದಳು ಪಕ್ಕದ ಮೇಜಿನವಳು, ನೀವು ಹೊರಡಿ ಬರ್ತೀನಿ ಅಂದೆ, ಬರಲ್ಲ ಅಂತ ಅವಳಿಗೂ ಗೊತ್ತು, ಕೇಳುವುದು ಅವಳ ಒಳ್ಳೆಯತನ, ಹೂಂ ಅನ್ನುವುದು ನನ್ನದು. ಪರದೆಯ ಮೇಲೆ ಬಿಳಿ ಪಿಂಗಾಣಿ ಕೆಟಲ್, ಮೂತಿಯಿಂದ ಹೊಟ್ಟೆಯವರೆಗೆ ಸೀಳು, ಪೆಟ್ಟಿಗೆ ತೆರೆದಾಗಲೇ ಒಡೆದಿತ್ತು, ದುಡ್ಡು ವಾಪಸ್ ಕೊಡಿ ಅಂತ ಕೊಂಡವರ ದೂರು. ತೆರೆದಾಗಲೇ ಒಡೆದಿದ್ದರೆ ಅಂಚು ಬೆಳ್ಳಗಿರಬೇಕಲ್ಲ, ಇಲ್ಲಿ ಚಹಾ ಇಳಿದಿದೆ, ಒಂದು ದಿನದ್ದಲ್ಲ, ಕೂದಲೆಳೆಯಷ್ಟು ಬಿರುಕು ಬಿಟ್ಟ ಮೇಲೂ ದಿನಾ ಸುರಿದು ಸುರಿದು ಕುಡಿದದ್ದು, ಸುಳ್ಳು ದೂರು, ಇಂಥವನ್ನು ಹಿಡಿದುಹಾಕಿ, ಆನ್‌ಲೈನಿನಲ್ಲಿ ಮಾರುವವರನ್ನು ಉಳಿಸುವುದಕ್ಕೇ ನನ್ನನ್ನು ಇಲ್ಲಿ ಕೂರಿಸಿರುವುದು, ದೂರು ತಳ್ಳಿಹಾಕುವ ಗುಂಡಿ ಅಲ್ಲೇ ಇದೆ, ಕೆಂಪಗೆ — ಆದರೆ ಹಿಡಿಯ ಮೇಲೆ ಆ ಹೆಬ್ಬೆರಳು. ಉಗುರು ನಡುವಿನಿಂದ ಸೀಳಿ ಎರಡು ಸಣ್ಣ ಬಾಗಿಲುಗಳ ಹಾಗೆ ಬೆಳೆದಿದೆ.

ಒಡೆದ ವಸ್ತುವನ್ನು ಕೈಯಲ್ಲಿ ಹಿಡಿದೇ ಫೋಟೋ ಕಳಿಸಬೇಕು ಎಂಬುದು ನಿಯಮ, ಎಲ್ಲಿಂದಲೋ ಕದ್ದ ಚಿತ್ರ ಹಾಕಬಾರದು ಅಂತ, ಪಕ್ಷಪಾತ ಆಗಬಾರದು ಅಂತ ಹೆಸರು ಕಾಣಿಸುವುದಿಲ್ಲ, ಊರು ಕಾಣಿಸುವುದಿಲ್ಲ, ನಮಗೆ ಕಾಣುವುದು ಬರೀ ಕೈ, ಹಿಟ್ಟು ಹತ್ತಿದ ಕೈ, ಗ್ರೀಸ್ ಮೆತ್ತಿದ ಕೈ, ಬಣ್ಣ ಅರ್ಧ ಎದ್ದುಹೋದ ಉಗುರು, ಇಡೀ ದಿನ ಜನರ ಕೈ ನೋಡುತ್ತೇನೆ, ನನ್ನ ಕೈ ಯಾರಾದರೂ ಹಿಡಿದು ಎಷ್ಟು ಕಾಲವಾಯಿತೋ. ಇದು ತಮ್ಮನ ಬೆರಳು. ಅಲ್ಲ, ತಮ್ಮನದ್ದರ ಹಾಗಿರುವ ಬೆರಳು, ಸರಿಯಾಗಿ ಹೇಳು. ಗಾಳಿಗೆ ಬಚ್ಚಲ ಬಾಗಿಲು ಬೆರಳಿಗೆ ಬಡಿದಾಗ ಅವನು ಅಳಲಿಲ್ಲ, ನಲ್ಲಿಯ ಕೆಳಗೆ ಹಿಡಿದುಕೊಂಡವಳು ನಾನು, ಅತ್ತವಳೂ ನಾನು, ಅಕ್ಕಾ ನೀನ್ಯಾಕೆ ಅಳ್ತೀಯ ಬೆರಳು ನಂದು, ಅಂದ, ಆಮೇಲೆ ಉಗುರು ಹಾಗೇ ಸೀಳಿಕೊಂಡೇ ಬೆಳೆಯಿತು, ಶಾಲೆಯಲ್ಲಿ ಹುಲಿ ಕಚ್ಚಿದ್ದು ಅಂತ ಹೇಳಿಕೊಂಡು ಬಂದ, ಎಲ್ಲರೂ ನಂಬಿದರು, ಯಾವ ಹುಲಿಯೋ ಬರೀ ಉಗುರು ಕಚ್ಚೋದು ಅಂತ ಕೇಳಿದ್ದು ನಾನೊಬ್ಬಳೇ, ನೀನು ಭೂತಗನ್ನಡಿ ಕಣೇ, ಭೂತಗನ್ನಡಿ ಅಕ್ಕ, ನಿನ್ನ ಮುಂದೆ ಒಂದು ಕಥೆ ಕಟ್ಟೋ ಹಾಗಿಲ್ಲ, ಅಂದ. ಜಗಳವೂ ಆಗಲಿಲ್ಲ ನಮಗೆ, ಆಗಿದ್ದರೆ ಒಂದು ದಿನ ರಾಜಿಯಾದರೂ ಆಗಬಹುದಿತ್ತು, ಅಮ್ಮ ಹೋದ ಮೇಲೆ ಫೋನು ವಾರಕ್ಕೊಂದಾಯಿತು, ಆಮೇಲೆ ಅವನು ಮನೆ ಬದಲಾಯಿಸಿದ, ಆಮೇಲೆ ನಂಬರು, ಯಾರು ಮೊದಲು ಸುಮ್ಮನಾದರು ಅಂತ ನೆನಪಿಸಿಕೊಳ್ಳಲು ಕೂತರೆ ತಲೆ ಕೆಡುತ್ತದೆ.

ಕೆಟಲ್ ಮಾಡಿದವಳದ್ದೂ ಬರಹ ಇದೆ ಕೆಳಗೆ, ಒಬ್ಬಳೇ ಮಾಡಿ ಒಬ್ಬಳೇ ಕಟ್ಟುವವಳು, ಕಟ್ಟಿದ ಮೇಲೆ ಪ್ರತಿ ಪೆಟ್ಟಿಗೆಯನ್ನೂ ಮೊಣಕಾಲೆತ್ತರದಿಂದ ಬೀಳಿಸಿ ಕಿವಿ ಇಟ್ಟು ಕೇಳುತ್ತೇನೆ ಮೇಡಂ, ಒಳಗೆ ಸದ್ದು ಬಂದರೆ ಕಳಿಸುವುದಿಲ್ಲ, ಇದರಲ್ಲಿ ಸದ್ದು ಬಂದಿರಲಿಲ್ಲ, ಇದು ಮೂರನೇ ದೂರು, ಇದೂ ನನ್ನ ತಪ್ಪು ಅಂತಾದರೆ ಅಂಗಡಿ ಮುಚ್ಚಿಸುತ್ತಾರೆ, ಅಂತ. ನಾನು ಮೇಡಂ ಅಂತ ಅವಳಿಗೆ ಹೇಗೆ ಗೊತ್ತಾಯಿತೋ. ಪೆಟ್ಟಿಗೆಗೆ ಕಿವಿ ಇಟ್ಟು ಕೂತ ಹೆಂಗಸು, ಮೌನ ಕೇಳಿಸಿದರೆ ಅವಳಿಗೆ ಸಮಾಧಾನ, ನನಗೆ ಮನೆಗೆ ಹೋಗಿ ಬೀಗ ತೆಗೆದಾಗ ಅದೇ ಮೌನ. ಗೊತ್ತಿರುವವರ ದೂರಾದರೆ ಬೇರೆಯವರಿಗೆ ದಾಟಿಸಬೇಕು, ಅದಕ್ಕೂ ಗುಂಡಿ ಇದೆ, ಒತ್ತಿದರೆ ಸಂಬಂಧ ಏನು ಅಂತ ಕೇಳುತ್ತದೆ, ಏನಂತ ತುಂಬಲಿ, ಬೆರಳಿನ ಗುರುತು ಅಂತಲಾ, ದಾಟಿಸಿದರೆ ಕಿಟಕಿ ಪಕ್ಕದವನಿಗೆ ಹೋಗುತ್ತದೆ, ಎಲ್ಲಕ್ಕೂ ಹೂಂ ಒತ್ತಿ ಸಿಗರೇಟಿಗೆ ಎದ್ದು ಹೋಗುವವನು, ಅವಳ ಅಂಗಡಿ ಹೋದ ಹಾಗೇ. ನಾನೇ ಕೆಂಪು ಒತ್ತಿದರೆ ಸುಳ್ಳುಗಾರನೆಂದು ಇವನ ಖಾತೆ ಹೋಗುತ್ತದೆ. ಅಥವಾ ಯಾರದೋ. ಕಂದು ಕಂಡದ್ದು ನಿಜವಾ, ಬೆಳಕಿನ ನೆರಳಾ, ತಮ್ಮನೆಂದುಕೊಂಡ ಕೂಡಲೇ ಕಂದು ತಿಳಿಯಾಯಿತಲ್ಲ, ಅಪರಿಚಿತನಾಗಿದ್ದರೆ ಗಾಢವಾಗೇ ಇರುತ್ತಿತ್ತಾ. ಉತ್ತರ ಗೊತ್ತಿದ್ದೂ ಬರೆದದ್ದನ್ನ ಅಳಿಸ್ತೀಯಲ್ಲಮ್ಮ ನೀನು, ಅನ್ನುತ್ತಿದ್ದರು ಸಂಜೆ ತರಗತಿಯ ಮೇಷ್ಟ್ರು, ನನಗಿಂತ ಚಿಕ್ಕವಳಾದ ಮೇಲಧಿಕಾರಿಯೂ ಅದನ್ನೇ ಬೇರೆ ಥರ ಅನ್ನುತ್ತಾಳೆ, ಮೇಡಂ, ಫೋಟೋನ ಮದುವೆ ಆಗ್ತೀರಾ ಏನು, ನೋಡಿ, ಒತ್ತಿ, ಮುಂದೆ ಹೋಗಿ. ಫೋಟೋ ಹಿಗ್ಗಿಸಿದೆ, ಕೆಟಲ್‌ನ ಹಿಂದೆ ಮೇಜು, ಮೇಜಿನ ಮೇಲೆ ಒಂದೇ ಲೋಟ, ಯಾರೇ ಆಗಲಿ ಇವನೂ ಒಬ್ಬನೇ ಕುಡಿಯುವವನು, ಮತ್ತೆ ಹಿಗ್ಗಿಸಿದೆ, ಕಂದು ಕಂದಾಗೇ ಇತ್ತು. ಕೆಂಪು ಗುಂಡಿ ಒತ್ತಿದೆ. ಕಾರಣ: ಬಿರುಕಿನೊಳಗೆ ಚಹಾದ ಕಲೆ, ಬಳಸಿದ ನಂತರ ಒಡೆದದ್ದು. ದೂರುದಾರರಿಗೆ ಏನಾದರೂ ತಿಳಿಸುವುದಿದೆಯೇ ಎಂಬ ಖಾಲಿ ಜಾಗದಲ್ಲಿ ಬೆರಳು ಈಗಲೂ ಚಳಿಗೆ ನೋಯುತ್ತಾ ಅಂತ ಬರೆದೆ, ಅಳಿಸಿದೆ, ನಿಯಮದ ಸಾಲು ಹಾಕಿ ಕಳಿಸಿದೆ.

ಮೆಟ್ಟಿಲ ಮೇಲೆ ನಗು, ಊಟ ಮುಗಿಸಿ ಬರುತ್ತಿದ್ದಾರೆ, ಮುಂದಿನ ದೂರು ತೆರೆಯಬೇಕು, ತೆರೆಯುವ ಮೊದಲೇ ಮೂಲೆಯಲ್ಲಿ ಉತ್ತರ ಮಿನುಗಿತು, ದೂರು ಬಿದ್ದುಹೋದವರಿಗೆ ಒಂದು ಸಾಲು ಬರೆಯಲು ಬಿಡುತ್ತೇವೆ, ಹೆಚ್ಚಿನವರು ಬೈಯುತ್ತಾರೆ, ಇವನು ಬೈದಿಲ್ಲ — ಅಬ್ಬಾ, ಯಾವ ಭೂತಗನ್ನಡಿ ಇಟ್ಕೊಂಡು ನೋಡ್ತೀರಪ್ಪ. ಯಾರು ಬೇಕಾದರೂ ಅನ್ನಬಹುದಾದ ಮಾತು, ದಿನಾ ಯಾರಾದರೂ ಅನ್ನುತ್ತಿರಬಹುದು, ಉತ್ತರಕ್ಕೆ ಉತ್ತರ ಕೊಡುವ ಜಾಗ ನಮಗಿಲ್ಲ, ದೂರು ಮುಚ್ಚಿತು, ಫೋಟೋ ಹೋಯಿತು, ಊಟ ಆಯ್ತಾ ಅಂತ ಕೇಳುತ್ತಾಳೆ ಪಕ್ಕದವಳು, ಹೂಂ ಅನ್ನುತ್ತೇನೆ, ಪರದೆ ಬೆಳ್ಳಗಿದೆ, ಬೆಳ್ಳಗಿದ್ದರೂ ಅಲ್ಲೇ, ಹಿಡಿಯ ಮೇಲೆ, ಆ ಹೆಬ್ಬೆರಳು, ನಲ್ಲಿಯ ನೀರಿನ ಕೆಳಗೆ, ನನ್ನ ಅಂಗೈಯೊಳಗೆ, ಉಗುರು ಇನ್ನೂ ಸೀಳುತ್ತಿರುವ ಹೆಬ್ಬೆರಳು