ಬದುಕಿದ್ದ ರೇವಪ್ಪನಿಗೆ ಶ್ರದ್ಧಾಂಜಲಿ

"ನೋಡ್ರಿ, ನೋಡ್ರಿ! ಹತ್ತು ವರ್ಷ ಈ ಓಣಿ ಕಡೆ ಹಾಯಲಾರದ ಮನಶ್ಯಾ, ನಾ ಸತ್ತೀನಂತ ಕೇಳಿದ ಕೂಡ್ಲೇ ಹಾರ ಹಿಡಕೊಂಡು ಓಡಿ ಬಂದಾನ!"

ಘೋಣಸಗಿಯ ರೇವಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ರೊಟ್ಟಿ ಮುರಿಯುತ್ತಲೇ ಹೇಳಿದ. ಓಣಿಯ ಮಂದಿ ಗೊಳ್ಳೆಂದು ನಕ್ಕರು. ಎದುರಿಗೆ ಸೇವಂತಿಗೆ ಹಾರ ಹಿಡಿದು ನಿಂತವರು ಮೂರು ಸಲ ಆರಿಸಿ ಬಂದ ಶಾಸಕ ಶಿವಯೋಗೆಪ್ಪ ಸಾಹೇಬರು.

ಸಾಹೇಬರ ರಾಜಕೀಯವೆಲ್ಲ ನಿಂತದ್ದೇ ಇಂಥ ಹಾರದ ಮೇಲೆ. ಕ್ಷೇತ್ರದಲ್ಲಿ ಯಾರೇ ಸಾಯಲಿ, ಮೂರು ದಿನದೊಳಗೆ ಅವರ ಕಾರು ಆ ಮನೆಯ ಮುಂದೆ. ಜಮಖಾನೆಯ ಮೇಲೆ ಹತ್ತು ನಿಮಿಷ ಕೂತು, ಕನ್ನಡಕ ತೆಗೆದು ಒರೆಸಿ, ನಾಲ್ಕು ಮಾತಾಡಿ ಏಳುವುದು. ಕೆಟ್ಟ ರಸ್ತೆ, ಬಾರದ ನಲ್ಲಿ ನೀರು ಎಲ್ಲವನ್ನೂ ಮಂದಿ ಈ ಹತ್ತು ನಿಮಿಷಕ್ಕೆ ಮನ್ನಿಸಿಬಿಡುತ್ತಿದ್ದರು. ಕನಮಡಿಯಿಂದ ಬಬಲೇಶ್ವರದವರೆಗೆ ಅವರು ಕೂರದ ಜಮಖಾನೆಯಿಲ್ಲ. ಸತ್ತವರ ಪಟ್ಟಿ ಇಡುವವನು ಆಪ್ತ ಸಹಾಯಕ ನಾಸೀರ. ಇವತ್ತಿನ ಪಟ್ಟಿಯಲ್ಲಿ 'ರೇವಪ್ಪ, ಘೋಣಸಗಿ' ಎಂದಿತ್ತು. ಊರಲ್ಲಿ ರೇವಪ್ಪರು ಇಬ್ಬರು. ಸತ್ತವನು ತೋಟದ ಮನೆಯವನು.

ಸಾಹೇಬರಿಗೆ ನಾಚಿಕೆಗಿಂತ ಅಂಜಿಕೆಯೇ ಹೆಚ್ಚಾಯಿತು. ಈ ಸಲ ಟಿಕೆಟ್ಟೇ ಅಲುಗಾಡುತ್ತಿತ್ತು. ಹೋದ ಸಲ ಗೆದ್ದದ್ದು ಬರೀ ನಾನೂರು ಮತದಿಂದ. ಇತ್ತಲಿನ ಮಂದಿ ಈ ಹಳೆಯ ಗೆಳೆಯ ರೇವಪ್ಪ ತೋರಿಸಿದ ಕಡೆ ಬಟನ್ ಒತ್ತುವವರು. ಅವನೊಬ್ಬ ವೇದಿಕೆ ಹತ್ತಿದರೆ ಎಲ್ಲ ಸರಿಹೋಗುತ್ತದೆ. ಇಲ್ಲವಾದರೆ ಸ್ಟೇಷನ್ ರಸ್ತೆಯ ಕಚೇರಿಯ ಬೋರ್ಡಿನಲ್ಲಿ ಹೆಸರಿನ ಹಿಂದೆ 'ಮಾಜಿ'.

"ತಪ್ಪಾತೋ ರೇವಪ್ಪಾ. ಆದ್ರ ಛಲೋನ ಆತು, ನಿನ್ನ ನೋಡಿದಂಗಾತು."

"ಹಂಗ ಹೋಗಬ್ಯಾಡಲೇ. ತಂದ ಭಾಷಣ ಮಾಡೇ ಹೋಗು. ಸತ್ತಮ್ಯಾಲ ನನಗೆಲ್ಲಿ ಕೇಳಸ್ತೈತಿ?"

"ಏ, ಬಿಡ್ತು ಅನ್ರಿ!" ಎಂದು ರೇವಪ್ಪನ ಹೆಂಡತಿ ರುಕ್ಮವ್ವ ಒಳಗಿನಿಂದ ಗದರಿದಳು. ಗದರಿದವಳೇ ಭಾಷಣ ಕೇಳಲು ಬಾಗಿಲಿಗೆ ಬಂದು ನಿಂತಳು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ರೇವಪ್ಪನವರು ಸರಳ ಸಜ್ಜನರು. ಅವರ ಅಗಲಿಕೆಯಿಂದ ಈ ಭಾಗಕ್ಕೆ ತುಂಬಲಾರದ ನಷ್ಟ..."

"ಇದನ್ನ ಹೋದ ವಾರ ಕನಮಡ್ಯಾಗ ಹೇಳೀರಲ್ರಿ ಸಾಹೇಬ್ರ," ಗುಂಪಿನಲ್ಲಿ ಒಬ್ಬ ಅಂದ. "ನಮ್ಮ ಮಾವನ್ನೂ ಸಜ್ಜನ ಅಂದ್ರಿ. ಅಂವಾ ದಿನಕ್ಕ ಎರಡು ಜಗಳ ತಗೀತಿದ್ದ!"

ಮತ್ತೆ ನಗೆ. ನಾಸೀರ ಮೊಬೈಲಿನೊಳಗೆ ಮುಖ ಹುದುಗಿಸಿದ. ಸಾಹೇಬರು ಹಾರ ಕೆಳಗಿಟ್ಟು ಕಟ್ಟೆ ಹತ್ತಿ ರೇವಪ್ಪನ ಮಗ್ಗುಲಿಗೆ ಕೂತರು. ಮೈಕಿನ ದನಿ ಹೋಗಿ ಮೊದಲಿನ ದನಿ ಬಂತು. ರೇವಪ್ಪನ ಕಿವಿಗಷ್ಟೇ ಬೀಳುವಂತೆ ಹೇಳಿದರು:

"ಬಬಲೇಶ್ವರದ ಮೊದಲನೇ ಸಭಾ ನೆನಪೈತೇನೋ? ಮೈಕ್ ಕೊಟ್ರು, ನನ್ನ ಬಾಯಿ ಒಣಗಿ ಹೋತು. ನೀ ಹಿಂದಿಂದ ಬಂದು, ಬೀಡಿ ಕಟ್ಟಿನ ಹಾಳಿ ಮ್ಯಾಲ ನಾಲ್ಕ ಸಾಲ ಗೀಚಿ ಕೈಯಾಗ ತುರುಕಿದಿ. ಇವತ್ತಿಗೂ ಅವನ್ನ ಮಾತಾಡಾಕತ್ತೇನಿ. ಬೆಳಗಾವಿ ಅಧಿವೇಶನದಾಗೂ ಅವ ನಾಲ್ಕ ಸಾಲ. ಮಂದಿ ನನಗ ಮಾತಿನ ಮಲ್ಲ ಅಂತಾರ, ಬ್ಯಾನರಿಗೂ ಹಾಕ್ಯಾರ. ಮಾತು ನಿನ್ನವು, ರೇವಪ್ಪಾ."

ರೇವಪ್ಪ ತಾಟು ಪಕ್ಕಕ್ಕೆ ಸರಿಸಿದ. ಬಾಗಿಲಲ್ಲಿ ನಿಂತ ರುಕ್ಮವ್ವನಿಗೆ ಮಾತು ಕೇಳಿಸದಿದ್ದರೂ ಗಂಡನ ಕಣ್ಣು ತೇವವಾದದ್ದು ಕಂಡಿತು.

"ನಿನಗ ಏನ ಬೇಕು ಗೊತ್ತೈತಿ. ಬರ್ತೀನಿ ಹೋಗು," ಎಂದ ರೇವಪ್ಪ ಕಡೆಗೆ. "ನಿನ್ನ ವೇದಿಕಿ ಹತ್ತತೀನಿ, ಊರೂರು ತಿರಗತೀನಿ. ಒಂದ ಮಾತು. ಈಗ ನನ್ನ ಕಿವ್ಯಾಗ ಅಂದಿಯಲ್ಲ, ಅದನ್ನ ಟಿಕೋಟಾದ ಎಲೆಕ್ಷನ್ ಸಭಾದಾಗ ಮೈಕ್ ಹಿಡದು ಅಂತೀಯೇನು?"

ಸಾಹೇಬರು ಕಟ್ಟೆಯಿಂದ ಇಳಿದರು. ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

"ಅಂತೀಯೇನೋ, ಶಿವಯೋಗೀ?"

ನಾಸೀರ ಓಡಿಹೋಗಿ ಕಾರಿನ ಬಾಗಿಲು ತೆರೆದ. ಸಾಹೇಬರು ಓಣಿಯ ಮಂದಿಗೆಲ್ಲ ಎಡಕ್ಕೂ ಬಲಕ್ಕೂ ಕೈ ಮುಗಿಯುತ್ತ, ಕಟ್ಟೆಯ ಕಡೆ ಒಮ್ಮೆಯೂ ತಿರುಗದೆ ನಡೆದುಹೋದರು.