ಇಸಬೆಲ್ಲಾದ ಚಾವಣಿ

ಇದನ್ನು ಹೇಳಲು ನಾನು ತಕ್ಕವನಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಹಗಲು ಅಚ್ಚುಕೂಟದಲ್ಲಿ ದುಡಿದು ಸಂಜೆ ತರಗತಿಯಲ್ಲಿ ಓದಿದವನು ನಾನು. ಕಾರುಗಳ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹಳೆಯ ಪತ್ರಿಕೆಗಳಿಂದಲೂ ಯಾಂಗೊನ್ನಿನ ಬೀದಿಗಳಿಂದಲೂ ಹೆಕ್ಕಿಕೊಂಡದ್ದು. ಸ್ವಂತಕ್ಕೆ ಸೈಕಲ್ಲೂ ಇಲ್ಲ. ಆದರೆ ನನ್ನ ಗೆಳೆಯ ಸೋ ಪಾಯಿಂಗ್ ಈ ಸಂಗತಿಯನ್ನು ತನಗೆ ತೋಚಿದಂತೆ ಹೇಳುತ್ತ ತಿರುಗುತ್ತಿದ್ದಾನೆ. ಆದದ್ದನ್ನು ಆದ ಹಾಗೆ ಒಬ್ಬರಾದರೂ ಹೇಳಬೇಕಲ್ಲ.

ಹಳೆಯ ಕಾರನ್ನು ಸರ್ಕಾರಕ್ಕೆ ಒಪ್ಪಿಸಿದವರಿಗೆ ಹೊರದೇಶದಿಂದ ಇನ್ನೊಂದನ್ನು ತರಿಸಿಕೊಳ್ಳುವ ಪರವಾನಗಿ ಸಿಗತೊಡಗಿದ ಕಾಲ ಅದು. ಒಪ್ಪಿಸಿದ ಕಾರುಗಳು ಕುಲುಮೆಗೆ ಹೋಗುತ್ತಿದ್ದವು. ಬೆಳಗಾದರೆ ಸಾಂಚಾಂಗ್ ಬಡಾವಣೆಯ ನಮ್ಮ ಚಹಾದಂಗಡಿಯ ಮುಂದೆ ಅವುಗಳ ಸಾಲು. ಕೆಲವು ಕೆಮ್ಮುತ್ತ ತಾವೇ ಬರುತ್ತಿದ್ದವು, ಕೆಲವನ್ನು ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ನಾವಿಬ್ಬರೂ ಗಿಡ್ಡ ಸ್ಟೂಲುಗಳ ಮೇಲೆ ಕೂತು ಅವುಗಳ ಹೆಸರು ಗುರುತಿಸುತ್ತಿದ್ದೆವು. ನನಗಂತೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದನ್ನು ನೋಡುವಷ್ಟರಲ್ಲಿ ಇನ್ನೊಂದು ದಾಟಿಹೋಗುತ್ತಿತ್ತು. ದಾಟಿದ್ದು ಮತ್ತೆಂದೂ ಬರುವಂತಿರಲಿಲ್ಲ.

"ಹಿಲ್ಮನ್" ಎಂದ ಸೋ ಪಾಯಿಂಗ್.

"ಮೂತಿ ಮಾತ್ರ ಹಿಲ್ಮನ್. ಬಾಗಿಲು ನೋಡು, ಆಸ್ಟಿನ್‌ದು. ಹಿಂದಿನ ದೀಪ ಯಾವುದೋ ಜಪಾನಿ ಲಾರೀದು."

"ಸಯಾ, ನೀನು ಹೆಣ್ಣು ನೋಡೋಕೆ ಹೋದ್ರೂ ಹಲ್ಲು ಯಾರ್ದು, ಕೂದ್ಲು ಯಾರ್ದು ಅಂತ ಕೇಳೋನೇ. ಅದಕ್ಕೇ ಇನ್ನೂ ಒಂಟಿಯಾಗಿದೀಯ."

ಸಯಾ ಎಂದರೆ ಮೇಷ್ಟ್ರು. ನನ್ನ ಸಂಜೆ ತರಗತಿಗೆ ಅವನು ಕೊಟ್ಟ ಬಿರುದು ಅದು.

ನಮ್ಮೂರಿಗೆ ದಶಕಗಳ ಕಾಲ ಬಿಡಿಭಾಗಗಳೇ ಬರುತ್ತಿರಲಿಲ್ಲ. ಡ್ರಮ್ಮಿನ ತಗಡು ಬಡಿದು ಬಾಗಿಲು, ಮಡ್ಗಾರ್ಡು, ಬೇಕಾದರೆ ಇಡೀ ಕಾರನ್ನೇ ಮಾಡಿಕೊಡುವ ತಗಡುಗಾರರು ಹುಟ್ಟಿಕೊಂಡಿದ್ದರು. ಹಾಗಾಗಿ ಹಳೆಯ ಕಾರು ಕಂಡರೆ ನಾವು ಮೊದಲು ಮಾಡುವ ಕೆಲಸ, ತಗಡಿನ ಒಳಮೈಗೆ ಬೆರಳಾಡಿಸುವುದು. ಸುತ್ತಿಗೆಯ ಗುಳಿ ಸಿಕ್ಕಿದರೆ ಊರಿನದು, ನುಣುಪಾಗಿದ್ದರೆ ಕಾರ್ಖಾನೆಯದು.

ಆ ಬೆಳಿಗ್ಗೆ ಬಾಡಿಗೆ ಟ್ಯಾಕ್ಸಿ ಓಡಿಸುವ ನ್ಯಾನ್ ಲಿನ್ ಓಡೋಡಿ ಬಂದ. ನಮ್ಮನ್ನು ಅವನು ಅಕೋ, ಅಂದರೆ ಅಣ್ಣ, ಎಂದೇ ಕರೆಯುವುದು. "ಅಕೋ, ಬೇಗ ಎದ್ದೇಳಿ. ಅತ್ತೆ ಮನೇಲಿ ಒಂದು ಕಾರಿದೆ. ಎಳ್ಕೊಂಡು ಹೋಗೋ ಲಾರಿ ಆಗ್ಲೇ ಹೊರಟಿದೆ."

ಅವನ ಅತ್ತೆ ದೋ ಸಾನ್ ಯೀಗೆ ತೀರಿಕೊಂಡ ಗಂಡ ಬಿಟ್ಟುಹೋದ ಕಾರನ್ನು ಕುಲುಮೆಗೆ ಕೊಡುವ ಮನಸ್ಸಿರಲಿಲ್ಲ. ಅಳಿಯನಿಗೆ ಸ್ವಂತ ಟ್ಯಾಕ್ಸಿ ಬೇಕಿತ್ತು. ಒಬ್ಬ ಹೋಟೆಲಿನ ಯಜಮಾನ ನಡುದಾರಿ ತೋರಿಸಿದ್ದ. ಅದು ನಿಜಕ್ಕೂ ಕಾರ್ಖಾನೆಯಿಂದಲೇ ಬಂದ ಕೂಪೆ, ಅಂದರೆ ತಗ್ಗಿನ ಚಾವಣಿಯ ಎರಡು ಬಾಗಿಲಿನ ಕಾರು, ಆಗಿದ್ದರೆ ಅದನ್ನು ತನ್ನ ಹೋಟೆಲಿನ ಮುಂದೆ ನಿಲ್ಲಿಸಿಕೊಂಡು, ತನ್ನ ಜಪಾನಿ ಕಾರನ್ನು ಬದಲಿಗೆ ಕೊಡುತ್ತಾನಂತೆ. ತೀರ್ಪು ಮಾತ್ರ ಚಹಾದಂಗಡಿಯ ಕಾರು ಹುಚ್ಚರೇ ಹೇಳಬೇಕಂತೆ.

ತಗಡಿನ ಮಾಡಿನ ಕೆಳಗೆ ಅದು ನಿಂತಿತ್ತು. ಬಣ್ಣಗೆಟ್ಟ ಹಸಿರು ಬೋರ್ಗ್‌ವಾರ್ಡ್ ಇಸಬೆಲ್ಲಾ, ಜರ್ಮನಿಯದು. ಮುಂದೆ ವಜ್ರದಾಕಾರದ ಲಾಂಛನ. ತಗ್ಗಿನ ಚಾವಣಿ ಹಿಂದಕ್ಕೆ ಜಾರಿ, ಬಾಗಿದ ಗಾಜಿನಲ್ಲಿ ಮುಗಿದು, ಉದ್ದನೆಯ ಡಿಕ್ಕಿಗೆ ಇಳಿದಿತ್ತು. ಎಲ್ಲೂ ಬೊಜ್ಜಿಲ್ಲ.

"ಅಮೆರಿಕದವ್ರು ಕಾರಿಗೆ ರೆಕ್ಕೆ ಕಟ್ತಾರೆ, ಆದ್ರೂ ಅದು ಎಮ್ಮೆ ಥರ ಕೂತಿರುತ್ತೆ. ಇದನ್ನ ನೋಡು, ನಿಂತಲ್ಲೇ ಓಡ್ತಿದೆ!" ಎಂದ ಸೋ ಪಾಯಿಂಗ್. "ಕೂಪೆನೇ. ಹೌದು ಅಂದ್ಬಿಡು, ಸಯಾ."

"ಮಾಮೂಲಿ ಇಸಬೆಲ್ಲಾಕ್ಕೂ ಎರಡೇ ಬಾಗ್ಲು ಕಣೋ. ಚಾವಣಿ ಕತ್ತರಿಸಿ ತಗ್ಗಿಸಿದ್ರೆ ಹಿಂಗೇ ಕಾಣುತ್ತೆ."

ಒಳಗೆ ತೂರಿ, ಚಾವಣಿಯ ಒಳಬದಿಯ ಹರಿದ ಬಟ್ಟೆಯ ಸಂದಿನಲ್ಲಿ ಕೈಯಾಡಿಸಿದೆ. ಮುಂಭಾಗ ನುಣುಪು. ಚಾವಣಿ ಹೊತ್ತ ಹಿಂದಿನ ಕಂಬದ ಹತ್ತಿರ ಹೋದಂತೆ ಬೆರಳಿಗೆ ಗುಳಿ ತಾಕಿತು, ಇನ್ನೊಂದು, ಮತ್ತೊಂದು. ಕೊನೆಗೆ ಉದ್ದಕ್ಕೆ ಬೆಸುಗೆಯ ಗೆರೆ.

"ಅಮ್ಮಾ, ಇದನ್ನ ಯಾವತ್ತಾದ್ರೂ ತಗಡುಗಾರನ ಹತ್ರ ಕೊಟ್ಟಿದ್ರಾ?"

"ಒಂದು ಮಳೆಗಾಲ ಪೂರ್ತಿ ಅಲ್ಲೇ ಇತ್ತಪ್ಪ. ತುಕ್ಕು ಹಿಡಿದಿದೆ ಅಂದಿದ್ರು ನಮ್ಮೋರು. ಅವ್ನು ಎಷ್ಟು ತೆಗೆದ್ನೋ, ಎಷ್ಟು ಹಾಕಿದ್ನೋ, ನಾನೆಲ್ಲಿ ನೋಡ್ಲಿ?"

"ಅದಕ್ಕೆ ಮುಂಚೆ ಚಾವಣಿ ಹಿಂಗೇ ಇತ್ತಾ?"

ಆಕೆ ಕಾರನ್ನೇ ನೋಡುತ್ತ ನಿಂತರು. "ಚೆನ್ನಾಗಿತ್ತು. ಅಷ್ಟೇ ನೆನಪಿರೋದು."

ಲಾರಿ ಬಂದು ಹಾರ್ನ್ ಹೊಡೆಯಿತು. ನ್ಯಾನ್ ಲಿನ್‌ನ ಫೋನಿನಲ್ಲಿ ಹೋಟೆಲಿನ ಯಜಮಾನ ಕಾಯುತ್ತಿದ್ದ. "ಅಕೋ, ಹೌದೋ ಅಲ್ವೋ, ಒಂದು ಮಾತು ಹೇಳಿ. ಆಮೇಲೆ ಅವ್ರು ಬಂದು ಸುಳ್ಳು ಅಂದ್ರೆ ಪರವಾನಗಿನೂ ಇಲ್ಲ, ಅವ್ರ ಕಾರೂ ಇಲ್ಲ ಆಗುತ್ತೆ ನಂಗೆ."

ನಾನು ಮತ್ತೊಮ್ಮೆ ಒಳಗೆ ತೂರಿದೆ. ಗುಳಿಗಳು ಅಲ್ಲೇ ಇದ್ದವು. ಹೊರಗೆ ಬಂದು ಕೈ ಒರೆಸಿಕೊಂಡೆ.

"ಹೌದು ಅಂತ ಆಣೆ ಇಟ್ಟು ಹೇಳೋಕೆ ನನ್ನಿಂದ ಆಗಲ್ಲ."

ನ್ಯಾನ್ ಲಿನ್ ಅದನ್ನೇ ಅಕ್ಷರ ಬಿಡದೆ ಫೋನಿಗೆ ಒಪ್ಪಿಸಿದ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಜೇಬಿಗಿಟ್ಟ. "ಬೇಡವಂತೆ."

ದೋ ಸಾನ್ ಯೀ ಒಳಗೆ ಹೋಗಿ ಒದ್ದೆ ಬಟ್ಟೆ ತಂದರು. ಗಾಜಿನ ಮೇಲಿದ್ದ ಕಾಗೆಯ ಹಿಕ್ಕೆಯನ್ನು ತಿಕ್ಕಿ ತಿಕ್ಕಿ ಒರೆಸಿದರು. ಲಾರಿಯವನು "ಅಮ್ಮಾ, ಕರಗ್ಸೋಕೆ ಹೋಗ್ತಿರೋದು" ಎಂದ. "ಗೊತ್ತಪ್ಪ. ಗಲೀಜಾಗಿ ಕಳಿಸೋದು ಬೇಡ" ಎಂದರು. ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು.

ಹಗ್ಗ ಬಿಗಿಯಾಗಿ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಸೋ ಪಾಯಿಂಗ್ ತಡೆದುಕೊಂಡಿದ್ದ. "ಜರ್ಮನಿಯೋರು ಮಾಡಿದ್ರೆ ಅದು ಅಪರೂಪದ್ದು. ನಮ್ಮ ತಗಡುಗಾರ ಆ ಚಾವಣಿ ಬಡಿದಿದ್ರೆ ಭೂಮಿ ಮೇಲೇ ಅದೊಂದೇ. ಯಾವ ಕಡೆಯಿಂದ ನೋಡಿದ್ರೂ ಉಳಿಸ್ಕೋಬೇಕಿತ್ತಲ್ಲೋ!"

"ಹೋಟೆಲಿನೋರು ಕೇಳಿದ್ದು ಅದನ್ನಲ್ಲ."

"ನೀನೂ ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ."

ಅದು ನಿಜ. ನ್ಯಾನ್ ಲಿನ್ ಈಗ ಆ ಪರವಾನಗಿಯಲ್ಲಿ ತರಿಸಿಕೊಂಡ ಸ್ವಂತ ಟ್ಯಾಕ್ಸಿ ಓಡಿಸುತ್ತಾನೆ, ನನ್ನನ್ನು ಕಂಡರೆ ನಿಲ್ಲಿಸುತ್ತಾನೆ. ನನಗೆ ಮಾತ್ರ ನೆಮ್ಮದಿಯಿಲ್ಲ. ತಗಡುಗಾರ ಅಸಲಿ ಚಾವಣಿಯ ಕೊಳೆತ ಅಂಚನ್ನಷ್ಟೇ ಬದಲಿಸಿದ್ದನೋ, ಮಾಮೂಲಿ ಕಾರಿಗೆ ಆ ಚಾವಣಿಯನ್ನೇ ಹೊಸದಾಗಿ ಬಡಿದಿದ್ದನೋ ನನಗೆ ಗೊತ್ತಿಲ್ಲ. ಆ ತಗಡುಗಾರ ಯಾರೆಂದು ಕೇಳಿಕೊಂಡು ಸುತ್ತಿದೆ, ಹೇಳುವವರು ಸಿಗಲಿಲ್ಲ. ಇನ್ನು ಗೊತ್ತಾಗುವ ದಾರಿಯೂ ಇಲ್ಲ.